ಕಂಬದ ಹಿಂದಿನ ಕ್ಯಾಲೊರಿ

ಹರಪನಹಳ್ಳಿಯ ನಾಗಲಿಂಗಮ್ಮ ಮದುವೆಯಾಗಿ ಬಂದ ವರ್ಷದಿಂದ ಪ್ರತಿ ಶ್ರಾವಣದಲ್ಲೂ ಉಚ್ಚಂಗಿದುರ್ಗದ ಗುಡ್ಡ ಹತ್ತಿ, ಉಚ್ಚಂಗೆಮ್ಮನಿಗೆ ತನ್ನ ಕೈಯಿಂದಲೇ ಉಡಿ ತುಂಬಿಸಿ ಬರುತ್ತಿದ್ದಳು. ೨೦೦೪ರಲ್ಲಿ ಅರ್ಧ ಗುಡ್ಡಕ್ಕೇ ಉಸಿರು ಸಾಲದೆ ಒಂದು ಬಂಡೆಯ ಮೇಲೆ ಕುಳಿತುಬಿಟ್ಟಳು. ಅಕ್ಕಿ, ಕೊಬ್ಬರಿ, ಕುಪ್ಪಸದ ಖಣವಿದ್ದ ಉಡಿಯ ಚೀಲವನ್ನು ನೆಗೆಣ್ಣಿ ಅನ್ನದಾನಮ್ಮ ಮೇಲಕ್ಕೆ ಒಯ್ದಳು.

ಇಳಿದು ಬಂದವಳು, "ಇನ್ಮ್ಯಾಲೆ ನೀನು ಕೆಳಗ ಕುಂದ್ರಕ್ಕ, ನಾನ ತುಂಬಿಸಿ ಬರ್ತೀನಿ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಆ ಮಾತು ನಾಗಲಿಂಗಮ್ಮನನ್ನು ವರ್ಷವಿಡೀ ಕೊರೆಯಿತು. ಬರುವ ಶ್ರಾವಣದಲ್ಲಿ ತಾನೇ ಹತ್ತಬೇಕು ಎಂದು ಅವಳು ಗಟ್ಟಿ ಮಾಡಿಕೊಂಡಳು.

ಅವಳದು ಸೀರೆ ಅಂಗಡಿ. ಗಂಡ ಗುರುಸಂಗಪ್ಪ ಶೇಂಗಾ ವ್ಯಾಪಾರದ ಮೇಲೆ ಊರೂರು ತಿರುಗುತ್ತಿದ್ದರಿಂದ ಗಾದಿಯ ಮೇಲೆ ದಿನವಿಡೀ ಕೂರುವವಳು ಅವಳೇ. ಸೀರೆ ಇಳಿಸುವುದು, ಹರವುವುದು, ಮಡಚುವುದು ಆಳಿನ ಕೆಲಸ. ಮಾತಾಡುವುದು ಅವಳ ಕೆಲಸ, ಅದರಲ್ಲಿ ಅವಳು ಎಂದೂ ಸೋತವಳಲ್ಲ.

ದಾವಣಗೆರೆಯ ಜಿಮ್ಮೊಂದರಲ್ಲಿ ಕೆಲಸ ಮಾಡಿ ಬಂದಿದ್ದ ಸುಮಲತಾ ಎಂಬ ಹುಡುಗಿ ಮಠದ ದಾಸೋಹದ ಪಡಸಾಲೆಯಲ್ಲಿ ಹೆಂಗಸರಿಗೆ ಬೆಳಗಿನ ವ್ಯಾಯಾಮದ ಕ್ಲಾಸು ತೆರೆದಾಗ ಮೊದಲು ಸೇರಿದವಳು ನಾಗಲಿಂಗಮ್ಮ. ಟೇಪ್‌ರೆಕಾರ್ಡರಿನ ಹಾಡಿಗೆ ತಕ್ಕಂತೆ ಎಲ್ಲರೂ ಒಟ್ಟಿಗೆ ಕಾಲೆತ್ತಿ ಇಡಬೇಕು, ಕೈ ಬೀಸಬೇಕು. ಒಂದು ತಾಸಿನ ಕೊನೆಗೆ ಸುಮಲತಾ ಬೋರ್ಡಿನ ಮೇಲೆ ಬರೆಯುತ್ತಿದ್ದಳು: ಇಂದು ಕರಗಿದ್ದು ೩೫೦ ಕ್ಯಾಲೊರಿ.

"ಕ್ಯಾಲೊರಿ ಅಂದ್ರೇನವ್ವಾ?" ನಾಗಲಿಂಗಮ್ಮ ಕೇಳಿದಳು.

"ಉಂಡಿದ್ದರಾಗಿನ ಶಕ್ತಿರೀ ಆಂಟಿ. ತುಪ್ಪ ಹಾಕ್ಕೊಂಡು ಒಂದು ಹೋಳಿಗಿ ತಿಂದ್ರ ಹೆಚ್ಚುಕಮ್ಮಿ ಅಷ್ಟು ಬರ್ತೈತಿ."

ಸುಮಲತಾ ಬೇರೆ ಉದಾಹರಣೆ ಕೊಡಬಹುದಿತ್ತು. ಹೋದ ಮಾಲಿನ ಜಾಗಕ್ಕೆ ಹೊಸ ಮಾಲು ತುಂಬಿ ಅಭ್ಯಾಸವಾಗಿದ್ದ ನಾಗಲಿಂಗಮ್ಮ ಅಂದಿನಿಂದ ದಿನಕ್ಕೊಂದು ಹೋಳಿಗೆಯನ್ನು ಯಾವ ಅಳುಕೂ ಇಲ್ಲದೆ ತಿಂದಳು. ಗಂಡ ಹುಬ್ಬೇರಿಸಿದರೆ, "ಬೋರ್ಡಿನ ಮ್ಯಾಲೆ ಬರ್ದೈತ್ರೀ" ಎನ್ನುತ್ತಿದ್ದಳು.

"ಬೋರ್ಡು ತೂಗಿದ್ರ ಏನ್ ಬಂತು, ನಿನ್ನ ತೂಗಬೇಕು" ಎಂದು ಗುರುಸಂಗಪ್ಪ ಒಂದು ದಿನ ಅವಳನ್ನು ಗೋದಾಮಿಗೆ ಕರೆದೊಯ್ದು ಶೇಂಗಾ ಚೀಲ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದ. ಕ್ಲಾಸಿಗೆ ಸೇರುವ ಮೊದಲು ಇದ್ದುದಕ್ಕಿಂತ ಮೂರು ಕಿಲೊ ಜಾಸ್ತಿಯಾಗಿತ್ತು. ಶ್ರಾವಣಕ್ಕೆ ಉಳಿದದ್ದು ನಾಲ್ಕೇ ತಿಂಗಳು.

ಅದೇ ವಾರ ಮೆಕ್ಯಾನಿಕ್ ರಾಜಾಸಾಬನ ಹೆಂಡತಿ ಮೀರಾಬಿ ಅಂಗಡಿಗೆ ಬಂದಳು. ಅವಳೂ ಅದೇ ಕ್ಲಾಸಿನವಳು. ಹಳೆಯ ಕುಪ್ಪಸಗಳೆಲ್ಲ ಜೋಲುತ್ತಿವೆ, ಹೊಸದಕ್ಕೆ ಬಟ್ಟೆ ಬೇಕು ಎಂದಳು.

ನಾಗಲಿಂಗಮ್ಮ ಬಟ್ಟೆ ತೋರಿಸಲಿಲ್ಲ. "ಮನ್ಯಾಗ ಕದ್ದು ಏನ್ ಮಾಡ್ತೀಯೇ? ನಿಜ ಹೇಳು."

"ಮನ್ಯಾಗ ಏನ್ ಮಾಡ್ಲಿ ಅಕ್ಕಾ, ರೊಟ್ಟಿ ಬಡೀತೀನಿ. ಕ್ಲಾಸಿನ್ಯಾಗ ನೀವು ನಿಂತ್ ನಿಂತ್ ಮಾಡ್ತೀರಿ, ನಾ ನಿಲ್ಲಂಗಿಲ್ಲ, ಅಷ್ಟ."

"ನಾವ್ಯಾವಾಗ ನಿಂತ್ವೇ?"

"ಪದೇ ಪದೇ ಎಲ್ಲಾರೂ ಸೆರಗು ಹೊದ್ದು ನಿಂತುಬಿಡ್ತೀರಲ್ಲ. ಪಾಪ, ದಣದಾರ, ಕೇಳಿದ್ರ ಬೇಜಾರ್ ಮಾಡ್ಕೊಂತಾರ ಅಂತ ಸುಮ್ನಿದ್ದೆ."

ಮರುದಿನ ಬೆಳಿಗ್ಗೆ ನಾಗಲಿಂಗಮ್ಮ ಕಣ್ಣಿಟ್ಟು ನೋಡಿದಳು. ಮಠದ ಸ್ವಾಮಿಗಳು ಪಡಸಾಲೆಯ ಮುಂದಿನಿಂದಲೇ ಸ್ನಾನಕ್ಕೆ ಹೋದರು, ಬಂದರು, ಹೂವಿಗೆ ಹೋದರು, ಪೂಜೆಗೆ ಬಂದರು. ಪ್ರತಿ ಸಲವೂ ಹೆಂಗಸರು ನಿಂತು, ತಲೆಯ ಮೇಲೆ ಸೆರಗೆಳೆದು ಕೈಮುಗಿದರು. ಸುಮಲತಾಳೂ ಮುಗಿದಳು. ನಿಂತ ಮೇಲೆ ಮಾತು ಹುಟ್ಟದೆ ಇರುತ್ತದೆಯೇ? ಸೊಸೆಯಂದಿರ ಸುದ್ದಿ ಒಂದು ಸುತ್ತು ಮುಗಿಯುವವರೆಗೆ ಟೇಪ್‌ರೆಕಾರ್ಡರ್ ತನ್ನಷ್ಟಕ್ಕೆ ಹಾಡುತ್ತಿತ್ತು. ಹಿಂದಿನ ಸಾಲಿನಲ್ಲಿ, ದಪ್ಪ ಕಂಬದ ಮರೆಯಲ್ಲಿ, ಮೀರಾಬಿಯೊಬ್ಬಳೇ ಕಾಲೆತ್ತಿ ಇಡುತ್ತಲೇ ಇದ್ದಳು. ಅವಳಿಗೆ ಅಲ್ಲಿಂದ ಸ್ವಾಮಿಗಳು ಕಾಣುತ್ತಿರಲಿಲ್ಲ.

ಕ್ಲಾಸು ಮುಗಿದ ಮೇಲೆ ನಾಗಲಿಂಗಮ್ಮ ಬೋರ್ಡಿನ ಮುಂದೆ ನಿಂತಳು. "ಈ ಲೆಕ್ಕ ಎಲ್ಲಿಂದ ತಂದಿ?"

ಸುಮಲತಾ ತಲೆ ತಗ್ಗಿಸಿದಳು. "ಪುಸ್ತಕದಾಗಿನ ಅಂದಾಜುರೀ. ತಾಸು ಪೂರ್ತಿ ಬಿಡದಂಗ ಮಾಡಿದ್ರ ಅಷ್ಟು. ಅದೂ ಒಬ್ಬೊಬ್ಬರ ಮೈಗೆ ಒಂದೊಂದು. ನಂಬರ್ ನೋಡಿದ್ರ ನಾಳೆನೂ ಬರ್ತೀರಿ ಅಂತ ಎಲ್ಲಾರಿಗೂ ಒಂದ ಬರ್ದೆ."

"ಹಂಗಾರ ನಾ ತಿಂದ ಹೋಳಿಗಿ?"

"ಒಳಗ ಅದಾವ್ರಿ."

ನಾಗಲಿಂಗಮ್ಮನಿಗೆ ಸಿಟ್ಟು ಬಂತು, ನಗುವೂ ಬಂತು. "ಅಳಿಸು ಅದನ್ನ. ಮೈ ದುಡಿದೈತೋ ಇಲ್ಲೋ ಅಂತ ತಿಳಿಯೋದು ಹ್ಯಾಂಗ ಮತ್ತ?"

"ಮಾಡ್ತಾ ಮಾಡ್ತಾ ಮಾತಾಡಿ ನೋಡ್ರಿ. ಸರಾಗ ಬಂತಂದ್ರ ದುಡಿದಿಲ್ಲ. ನಾಕು ಮಾತಿಗೆ ಉಸಿರು ಎಳಕೊಳ್ಳಂಗಾದ್ರ ದುಡಿದೈತಿ."

ಉಳಿದದ್ದು ಸ್ವಾಮಿಗಳ ವಿಷಯ. ಗುರುಗಳಿಗೆ ಕೈಮುಗಿಯುವುದಿಲ್ಲ ಎಂದು ಹೇಳುವುದು ಹೇಗೆ? ಸೋಮವಾರ ಪಾದಕ್ಕೆರಗಿ, "ತಪ್ಪು ತಿಳೀಬಾರ್ದು ಬುದ್ಧಿ" ಎಂದು ಶುರುಮಾಡಿ ಗುಡ್ಡದ ಮಾತು, ಹೋಳಿಗೆಯ ಮಾತು ಎಲ್ಲ ಒಪ್ಪಿಸಿದಳು.

ಸ್ವಾಮಿಗಳು ಹೊಟ್ಟೆ ಕುಲುಕುವಂತೆ ನಕ್ಕರು. "ನಿಲ್ಲಬ್ಯಾಡ್ರಿ ಅಂದ್ರ ನೀವು ಕೇಳಂಗಿಲ್ಲ ತಾಯಿ. ನಾವ ಹಿತ್ತಲ ಸುತ್ತಿ ಹೋಗ್ತೀವಿ. ನಮಗೂ ಡಾಕ್ಟ್ರು ನಡೀರಿ ಅಂತ ಹೇಳ್ಯಾರ."

ಬೋರ್ಡು ಖಾಲಿಯಾದ ಮೇಲೆ ಕೆಲವರು ಬರುವುದನ್ನು ಬಿಟ್ಟರು. ಲೆಕ್ಕವಿಲ್ಲದ ಮೇಲೆ ಬೆವರೇಕೆ ಎಂಬುದು ಅವರ ವಾದ. ನಾಗಲಿಂಗಮ್ಮ ಮೀರಾಬಿಯ ಪಕ್ಕದಲ್ಲಿ ಜಾಗ ಹಿಡಿದಳು. ಮೊದಮೊದಲು ಊರ ಸುದ್ದಿಯನ್ನೆಲ್ಲ ಪೂರ್ತಿ ಹೇಳಲು ಬರುತ್ತಿತ್ತು; ಬರಬರುತ್ತ ಅರ್ಧಕ್ಕೇ ನಿಲ್ಲತೊಡಗಿತು. "ಮುಂದೇನಾತಕ್ಕ?" ಎಂದು ಮೀರಾಬಿ ಏದುಸಿರಿನಲ್ಲೇ ಕೆಣಕುತ್ತಿದ್ದಳು. ದಿನದ ಹೋಳಿಗೆ ಬರೀ ಹಬ್ಬಕ್ಕೆ ಸರಿಯಿತು.

ಶ್ರಾವಣದ ಮಂಗಳವಾರ ನೆಗೆಣ್ಣಿಯರಿಬ್ಬರೂ ಗುಡ್ಡ ಹತ್ತಿದರು. ಹೋದ ವರ್ಷದ ಬಂಡೆ ಬಂದಾಗ ಅನ್ನದಾನಮ್ಮ ಚೀಲಕ್ಕೆ ಕೈ ಚಾಚಿದಳು. ನಾಗಲಿಂಗಮ್ಮ ಕೊಡಲಿಲ್ಲ, ನಿಲ್ಲಲೂ ಇಲ್ಲ. ಅದಕ್ಕೂ ಮೇಲೆ ಎರಡು ಕಡೆ ಕುಳಿತಳು, ಎದ್ದಳು.

ಗುಡಿಯೊಳಗೆ ಪೂಜಾರಿ ಚೀಲ ಬಿಚ್ಚಿಸಿ, "ಉಡಿ ಯಾರ ಹೆಸರಿಲೇ ತಾಯಿ?" ಎಂದ. ನಾಗಲಿಂಗಮ್ಮ ಬಾಯಿ ತೆರೆದಳು. ಏದುಸಿರಿಗೆ ಮಾತು ಹೊರಡಲಿಲ್ಲ.

"ನಾ ಹೇಳ್ತೀನಿ ತಡಿ" ಎಂದು ಅನ್ನದಾನಮ್ಮ ಮುಂದೆ ಬಂದಳು. ನಾಗಲಿಂಗಮ್ಮ ಕೈಯೆತ್ತಿ ಅವಳನ್ನು ತಡೆದಳು. ಪೂಜಾರಿ ಆರತಿ ತಟ್ಟೆ ಹಿಡಿದು ಕಾದ. ಉಸಿರು ಒಂದು ಹದಕ್ಕೆ ಬಂದ ಮೇಲೆ ಅವಳು ತನ್ನ ಹೆಸರನ್ನು ತಾನೇ ಹೇಳಿದಳು.