ಟೆರೇಸಿಗೆ ಬಂದ ಬದನೆ ಸಸಿಗಳು

ಬಾಡಿಗೆ ಮನೆಯ ಓನರ್‌ಗಳನ್ನು ಬೇಕಾದಷ್ಟು ಕಂಡಿದ್ದೇನೆ. ಆದರೆ ಗೋವಿಂದರಾಜನಗರದ ನಮ್ಮ ಓನರ್‌ನಷ್ಟು ಬಾಯಿಬಡುಕನನ್ನು ಇನ್ನೆಲ್ಲೂ ಕಾಣಲಿಲ್ಲ. ಅವರ ತಾತನ ಕಾಲದಲ್ಲಿ ಅಲ್ಲೆಲ್ಲ ಹೊಲವಿತ್ತಂತೆ. ಈಗ ಅದರ ಮೇಲೆ ಕಟ್ಟಡ, ಕಟ್ಟಡದ ಬಾಡಿಗೆಯಲ್ಲಿ ಇವರ ಹೊಟ್ಟೆ. ಬೆಳಗ್ಗೆ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತರೆ ಏಳುವುದು ಊಟಕ್ಕೇ. ಆದರೂ ಬಾಯಿ ತೆರೆದರೆ, "ಬೇಸಾಯ ನಮ್ಮ ರಕ್ತದಲ್ಲೇ ಬಂದಿದೆ ಕಣಪ್ಪಾ."

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಲೇತ್ ಮಿಷನ್ ಮುಂದೆ ನಿಂತವನು. ಇವತ್ತಿಗೂ ನಿಂತೇ ಸಂಸಾರ ನಡೆಸುತ್ತಿದ್ದೇನೆ.

ಅಮ್ಮ ತೀರಿಕೊಂಡ ಮೇಲೆ ಅವಳ ಡಬ್ಬಿಯೊಂದರಲ್ಲಿ ಬೂದಿಯಲ್ಲಿ ಕಲೆಸಿಟ್ಟ ಬದನೆ ಬೀಜ ಸಿಕ್ಕಿತು. ಹಸಿರು ಗೆರೆಯ, ತೊಟ್ಟಿನಲ್ಲಿ ಮುಳ್ಳಿರುವ ಗುಂಡು ಬದನೆ. ಆ ರುಚಿಯನ್ನು ವಿಜಯನಗರದ ಮಾರ್ಕೆಟ್ಟಿನಲ್ಲಿ ಹುಡುಕಿ ಸಾಕಾಗಿತ್ತು. ಬೀಜ ಹಳೆಯದು, ಈ ಸಲ ಉಳಿಯದಿದ್ದರೆ ಆ ತಳಿಯೇ ಮುಗಿದಂತೆ. ಇದ್ದಷ್ಟನ್ನೂ ಅಡುಗೆಮನೆಯ ಕಿಟಕಿ ಪಕ್ಕ, ಪೇಪರ್ ಲೋಟಗಳಲ್ಲಿ ಹಾಕಿದೆ. ಅರ್ಧಕ್ಕರ್ಧ ಹುಟ್ಟಿದವು.

ನಾಲ್ಕೆಲೆ ಬಿಟ್ಟ ಮೇಲೆ ಟೆರೇಸಿಗೆ ತಂದೆ. ಮನೆಯೊಳಗೆ ಹುಟ್ಟಿದ ಸಸಿಯನ್ನು ಒಮ್ಮೆಲೇ ಬಿಸಿಲಿಗೆ ಒಡ್ಡಬಾರದು. ಮೊದಲು ನೀರಿನ ಟ್ಯಾಂಕಿನ ನೆರಳು, ಆಮೇಲೆ ಒಂದಿಷ್ಟು ಎಳೆಬಿಸಿಲು, ಸಂಜೆ ಮತ್ತೆ ಒಳಗೆ. ಓನರ್ ನೋಡಿ ನಕ್ಕರು.

"ಏನಯ್ಯಾ, ಗಿಡಕ್ಕೆ ಬಾಣಂತನ ಮಾಡ್ತಾ ಇದೀಯಾ? ಕಿವಿಗೆ ಹತ್ತಿ ಇಡು, ಸಾಂಬ್ರಾಣಿನೂ ಹಾಕು!"

ಒಂದು ದಿನ ಕೆಲಸದಿಂದ ಬಂದರೆ ಹೆಂಡತಿಯ ಮುಖ ಬಾಡಿತ್ತು. ಅವಳು ಮಾರೇನಹಳ್ಳಿಗೆ ಹೋಗಿದ್ದಾಗ ಓನರ್ ಸಸಿಗಳನ್ನೆಲ್ಲ ಉರಿಬಿಸಿಲಿಗೆ ಎಳೆದಿದ್ದರು. "ಸೊರಗ್ತಾ ಇದ್ವು ಕಣಮ್ಮಾ, ಚೆನ್ನಾಗಿ ನೀರು ಕುಡಿಸಿದೀನಿ," ಅಂದರಂತೆ. ನೀರು ಬಿಟ್ಟದ್ದು ಬೆಳಗ್ಗೆಯಿಂದ ಬಿಸಿಲಲ್ಲಿ ಬಿದ್ದಿದ್ದ ಕರಿ ಪೈಪಿನಲ್ಲಿ. ಬೇಸಿಗೆ ಮಧ್ಯಾಹ್ನ ಅದರಲ್ಲಿ ಮೊದಲು ಬರುವ ನೀರಿಗೆ ಟೀ ಪುಡಿ ಹಾಕಿದರೆ ಸಾಕು. ಸಸಿಗಳು ಬೇಯಿಸಿದ ಸೊಪ್ಪಿನಂತೆ ಮಲಗಿದ್ದವು. ಟ್ಯಾಂಕಿನ ಕಟ್ಟೆಯ ಹಿಂದಿದ್ದ ಮೂರು ಮಾತ್ರ ಉಳಿದಿದ್ದವು. ಬಗ್ಗಿ ಎತ್ತುವಷ್ಟು ಸೊಂಟ ಆ ಮನುಷ್ಯನಿಗಿರಲಿಲ್ಲ.

ಕೇಳಿದ್ದಕ್ಕೆ, "ಬೀಜನೇ ಸರಿಯಿಲ್ಲ ಕಣಪ್ಪಾ. ನಿಮ್ಮಮ್ಮ ಯಾವ ಕಾಲದ್ದು ಎತ್ತಿಟ್ಟಿದ್ರೋ!"

ಭಾನುವಾರ ಮಧ್ಯಾಹ್ನ ಅವರನ್ನು ಟೆರೇಸಿಗೆ ಕರೆದೆ. "ಸ್ವಲ್ಪ ಕೈ ಹಿಡೀರಿ ಸಾರ್," ಎಂದು ಅದೇ ಪೈಪಿನ ನೀರು ಬಿಟ್ಟೆ.

"ಅಯ್ಯಯ್ಯಪ್ಪಾ!" ಎಂದು ಪಂಚೆ ಎತ್ತಿಕೊಂಡು ಹಾರಿದರು.

"ಬೇಸಾಯದ ರಕ್ತ ಅಲ್ವಾ ಸಾರ್? ಇಷ್ಟಕ್ಕೆಲ್ಲಾ ಸುಡತ್ತಾ?"

"ಇವತ್ತು ಬಿಸಿಲು ಜಾಸ್ತಿ," ಎಂದು ಗೊಣಗುತ್ತಾ ಇಳಿದರು. ತಪ್ಪಾಯಿತು ಅನ್ನುವ ಮಾತು ಆ ಬಾಯಲ್ಲಿ ಹುಟ್ಟುವುದಿಲ್ಲ.

ಮೂರನ್ನೂ ನಿಧಾನವಾಗಿಯೇ ಬಿಸಿಲಿಗೆ ಒಗ್ಗಿಸಿ ಪೇಂಟ್ ಬಕೆಟ್ಟುಗಳಲ್ಲಿ ನೆಟ್ಟೆ. ಬಲವಾಗಿ ನಿಂತದ್ದು ಒಂದೇ. ಅದು ಮೊದಲ ಕಾಯಿ ಬಿಟ್ಟಾಗ ಓನರ್ ಮತ್ತೆ ಹತ್ತಿ ಬಂದರು.

"ನಮ್ ಜಾಗದ ಮಣ್ಣಿನ ಗುಣ ನೋಡಪ್ಪಾ! ಕುಯ್ಯಿ, ವಾಂಗಿಬಾತ್ ಮಾಡ್ಸೋಣ."

ಟೆರೇಸಿನಲ್ಲಿ ಅವರದ್ಯಾವ ಮಣ್ಣು? ಅದು ಕೆಂಗೇರಿಯಿಂದ ನಾನು ಹೆಗಲ ಮೇಲೆ ಹೊತ್ತು ತಂದದ್ದು.

"ಕುಯ್ಯಲ್ಲ ಸಾರ್. ಬೀಜಕ್ಕೆ ಬಿಟ್ಟಿದೀನಿ."

"ಬಲ್ತು ಹಳದಿಯಾಗೋಗತ್ತಲ್ಲಯ್ಯಾ!"

"ಆಗ್ಲಿ ಬಿಡಿ."

ಕಾಯಿ ಹಳದಿಯಾಗಿ ಬೀಜ ಕೈಗೆ ಬರುವ ತನಕ, ಕೆಲಸಕ್ಕೆ ಹೋಗುವಾಗಲೆಲ್ಲ ಟೆರೇಸಿನ ಬಾಗಿಲಿಗೆ ಬೀಗ ಜಡಿದು ಹೋದೆ. ಅವರದೇ ಕಟ್ಟಡದ ಬಾಗಿಲಿಗೆ, ನನ್ನ ಬೀಗ.