ರೇವಣಪ್ಪ ಪೂಜೆ ಮಾಡಿದ ಬಾಡಿಗೆ ಕಾರು

ಶಿವಕಾಂತಮ್ಮ ಆಳಂದದ ಕಡೆಯಿಂದ ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ನಮ್ಮ ಗುಂಜೋಟಿಗೆ ಸೊಸೆಯಾಗಿ ಬಂದವಳು. ಅವಳು ಬಡಿದ ಖಡಕ್ ರೊಟ್ಟಿ ಹಪ್ಪಳದಷ್ಟು ತೆಳ್ಳಗಿರುತ್ತದೆ. ಓಣಿಯ ಹೆಂಗಸರನ್ನು ಕೂಡಿಸಿ ರೊಟ್ಟಿಯ ಕೆಲಸಕ್ಕೆ ಹಚ್ಚಿದವಳೂ ಅವಳೇ. ಉಮರ್ಗಾದ ಅಂಗಡಿಯವರು ನಮ್ಮ ರೊಟ್ಟಿ ಬೇಡವೆಂದ ಮೇಲೆ ಒಲೆಗಳು ತಣ್ಣಗಾದವು, ಮನೆಮನೆಯಲ್ಲೂ ಕೈ ಕಟ್ಟಿದಂತಾಯಿತು. ಅಷ್ಟರಲ್ಲಿ ಉದಗೀರಿನ ಒಂದು ಹಾಸ್ಟೆಲ್ಲಿಗೆ ದಿನಾ ರೊಟ್ಟಿ ಬೇಕೆಂದು ತಿಳಿಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಮಾದರಿ ತಂದು ತೋರಿಸಬೇಕು. ಇದೂ ತಪ್ಪಿದರೆ ನಮ್ಮ ಗುಂಪು ಮುಗಿದಂತೆಯೇ.

ಜೀಪಿನಲ್ಲಿ ಹೋದರೆ ರೊಟ್ಟಿ ಪುಡಿಯಾಗುತ್ತದೆಂದು ಉಮರ್ಗಾದಿಂದ ಹೊಸ ಕಾರೊಂದನ್ನು ಬಾಡಿಗೆಗೆ ತಂದೆವು. ಎದುರಿಗೆ ಏನಾದರೂ ಅಡ್ಡ ಬಂದರೆ ತಾನೇ ಬ್ರೇಕ್ ಹಾಕಿಕೊಳ್ಳುವ ಕಾರು. ನಡೆಸುವವನು ಶಿವಕಾಂತಮ್ಮನ ಗಂಡ ರೇವಣಪ್ಪ. ಬಾಡಿಗೆಯದಾದರೇನು, ಪೂಜೆಯಿಲ್ಲದೆ ನಮ್ಮಲ್ಲಿ ಗಾಡಿ ಹೊರಡುವುದುಂಟೆ? ಅವನು ವಿಭೂತಿಯನ್ನು ನೀರಲ್ಲಿ ಕಲಸಿ ಕಾರಿನ ಮೂತಿಗೆ ಮೂರು ಪಟ್ಟಿ ದಪ್ಪಗೆ ಬಳಿದ. ಶಿವಕಾಂತಮ್ಮ ಅವನ ಪಕ್ಕ ಕೂತಳು, ನಾನು ರೊಟ್ಟಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ.

ಕಾಸಾರಶಿರಸಿ ದಾಟಿದ್ದೇ ತಡ, ಕಾರು ಕುಂಯ್ ಕುಂಯ್ ಎನ್ನತೊಡಗಿತು. ಖಾಲಿ ರಸ್ತೆಯಲ್ಲಿ ಗಕ್ಕನೆ ನಿಂತಿತು. ಬುಟ್ಟಿಯೊಳಗೆ ರೊಟ್ಟಿ ಕಟಕ್ ಎಂದಿತು. ಹೊರಟರೆ ಮತ್ತೆ ನಿಂತಿತು.

"ಉಮಕ್ಕಾ, ಬುಟ್ಟಿ ಎತ್ತಿ ಹಿಡಿ" ಎಂದಳು ಶಿವಕಾಂತಮ್ಮ.

"ಅಡ್ಡ ಏನೂ ಇಲ್ಲ, ಇದರ ಹೆಣಾ ಎತ್ಲಿ" ಎಂದ ರೇವಣಪ್ಪ.

ನಿಲಂಗಾದ ಹೊರಗೆ ಅದು ಮುಂದಕ್ಕೆ ಸರಿಯಲೇ ಇಲ್ಲ. ಬಾಡಿಗೆಯವನಿಗೆ ಫೋನ್ ಮಾಡಿದರೆ, ಮುಂದಿನ ಸೆನ್ಸರಿಗೆ ಏನೋ ಮೆತ್ತಿರಬೇಕು, ಒರೆಸಿ ಎಂದ.

"ಈಬತ್ತಿ ಒರಸೂದಾ? ಅದೂ ದಾರ್ಯಾಗ? ನನ್ನ ಕೈಲೆ ಆಗೂದಿಲ್ಲ" ಎಂದು ರೇವಣಪ್ಪ ದೂರ ಹೋಗಿ ನಿಂತ. ಇಂಥ ಗಂಡಸನ್ನು ಕಟ್ಟಿಕೊಂಡು ಏನು ಮಾಡುವುದು? ಬಿಸಿಲು ನೆತ್ತಿಗೇರುತ್ತಿತ್ತು. ಶಿವಕಾಂತಮ್ಮ ಕಾರಿನ ಮುಂದೆ ಹೋಗಿ ನಿಂತಳು.

"ಶಿವನೇ, ಸಿಟ್ಟಾದ್ರ ನನ್ನ ಮ್ಯಾಲ ಆಗು. ಓಣಿ ಹೆಣ್ಮಕ್ಕಳೆಲ್ಲಾ ಊರಾಗ ದಾರಿ ಕಾಯ್ಲತ್ತಾರ" ಎನ್ನುತ್ತ ಸೆರಗಿನಿಂದ ಒರೆಸಿದಳು. ಕಾರು ತೆಪ್ಪಗೆ ಓಡಿತು.

ಹಾಸ್ಟೆಲ್ಲಿನ ಅಡುಗೆಮನೆ ನೋಡಿಕೊಳ್ಳುವ ಮನಿಷಾಬಾಯಿ ಬುಟ್ಟಿ ತೆರೆದಳು. ಒಂದೂ ಇಡೀ ರೊಟ್ಟಿ ಉಳಿದಿರಲಿಲ್ಲ. ಎಲ್ಲ ಹೋಯಿತು ಎಂದುಕೊಂಡೆ.

"ಹಿಟ್ಟು ಕೊಡ್ರಿ ಬಾಯಿ, ಇಲ್ಲೇ ಬಡದು ತೋರಸ್ತೀನಿ" ಎಂದು ಶಿವಕಾಂತಮ್ಮ ಒಲೆಯ ಮುಂದೆ ಕೂತೇಬಿಟ್ಟಳು. ಮನಿಷಾಬಾಯಿ ಬಿಸಿ ರೊಟ್ಟಿ ತಿಂದು ತಲೆದೂಗಿದಳು.

"ಅಷ್ಟು ದೂರದಿಂದ ರೊಟ್ಟಿ ನಕೋ, ಬ್ಯಾಡ, ದಿನಾ ಹಿಂಗೇ ಮುರೀತಾವ. ನೀವೊಬ್ಬರು ಇಲ್ಲಿ ಕೆಲಸಕ್ಕ ಬರ್ರಿ. ಇರ್ಲಿಕ್ಕ ಖೋಲಿನೂ ಕೊಡ್ತೀನಿ" ಎಂದಳು.

ರೇವಣಪ್ಪನ ಮುಖ ಅರಳಿತು. ಶಿವಕಾಂತಮ್ಮ ಕೈಗೆ ಮೆತ್ತಿದ ಹಿಟ್ಟು ಒರೆಸಿಕೊಂಡು ಎದ್ದಳು.

"ನಮ್ಮ ಗುಂಪಿನವರನ್ನ ಬಿಟ್ಟು ಒಬ್ಬಾಕಿ ಬರೂದಿಲ್ರೀ" ಎಂದಳು.

ಕಾರು ಹತ್ತುವಷ್ಟರಲ್ಲಿ ನಮ್ಮ ಗುಂಪಿನ ಚಂಪಾಬಾಯಿಯ ಫೋನು. ಶಿವಕಾಂತಮ್ಮ ತನ್ನನ್ನು ಕೆಲಸಕ್ಕೆ ಕರೆದ ಮಾತು ಎತ್ತಲೇ ಇಲ್ಲ. "ರೊಟ್ಟಿ ಮುರದ್ವು, ಕೆಲಸ ಆಗಲಿಲ್ಲ ಯವ್ವಾ" ಎಂದಷ್ಟೇ ಹೇಳಿದಳು.

"ನಿನಗೇನವಾ, ನಿನ್ನ ಹೊಟ್ಟಿ ಹೆಂಗರೆ ತುಂಬತದ. ನಿನ್ನ ನಂಬಿ ನಾವು ಹಾಳಾದ್ವಿ" ಎಂದು ಚಂಪಾಬಾಯಿ ಕಿರುಚಿದ್ದು ನನಗೂ ಕೇಳಿಸಿತು. ನನಗೆ ರೇಗಿತು, ಫೋನು ಕಸಿದುಕೊಳ್ಳಲು ಕೈ ಚಾಚಿದೆ. ಶಿವಕಾಂತಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು, ಅವಳು ಬೈದು ಮುಗಿಸುವ ತನಕ ಹೂಂ, ಹೂಂ ಎನ್ನುತ್ತ ಕೂತಳು.