ಪುಲ್‌ತೈಲ ಕುಡಿದ ಮುಕ್ಕಾಲಿ

ಮಗಳ ಮದುವೆ ಹತ್ತಿರ ಬಂದಾಗ ಪಾಲಿಶ್ ಮೇಸ್ತ್ರಿ ನಮ್ಮ ಮುಕ್ಕಾಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ತಲೆ ಚಚ್ಚಿಕೊಂಡ. ನಮ್ಮಲ್ಲಿ ಮದುಮಗಳು ಮುಹೂರ್ತಕ್ಕೆ ಕೂರುವುದು ಈ ಮೂರು ಕಾಲಿನ ಪೀಠದ ಮೇಲೆ. ಹಲಸಿನ ಮರದ್ದು, ನನ್ನ ತವರಿನಿಂದ ಬಂದದ್ದು. ನಾನು ಕೂತದ್ದೂ ಇದರ ಮೇಲೆಯೇ. ಮಗಳಿಗೂ ಇದೇ ಬೇಕಿತ್ತು.

"ಏನ್ ಹಚ್ಚಿದ್ದೀರಿ ಅಕ್ಕಾ ಇದಕ್ಕೆ? ಪಾಲಿಶ್ ನಿಲ್ತಾನೇ ಇಲ್ಲ" ಎಂದ. ನಿಜ, ಹಚ್ಚಿದ್ದೆಲ್ಲ ಸಣ್ಣ ಸಣ್ಣ ಕಣ್ಣಿನಂಥ ಗುಳಿಗಳಾಗಿ ಒಡೆದು ಹಿಂದೆ ಸರಿಯುತ್ತಿತ್ತು.

ಶ್ರೀಮಂಗಲದ ಮಳೆಗಾಲದಲ್ಲಿ ಚಪ್ಪಲಿಯಿಂದ ಮಂಚದವರೆಗೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ರಾಜ್ಯದ ಗಡಿ ಮಾಕುಟ್ಟದ ಆಚೆಯಿಂದ ಬರುವ ಪುಲ್‌ತೈಲ, ಅಂದರೆ ಮಜ್ಜಿಗೆ ಹುಲ್ಲಿನ ಎಣ್ಣೆಯನ್ನು ಉಳಿದವರು ನೆಲ ಒರೆಸಲು ತಂದರೆ, ನಾನು ಮಳೆಗೆ ಮುಂಚೆ ಮುಕ್ಕಾಲಿಗೂ ತಿಕ್ಕುತ್ತಿದ್ದೆ. ಅದರ ಘಾಟು ಹಾರಿಹೋಗುತ್ತದೆ; ಗಾಳಿ ತಾಗಿ ಅಂಟಾಗುವ ಒಂದಂಶ ಮರದಲ್ಲೇ ಉಳಿದು ಗಟ್ಟಿಯಾಗುತ್ತದೆ. ವರ್ಷ ವರ್ಷವೂ ತಿಕ್ಕಿ ತಿಕ್ಕಿ ಆ ಮರದ ಮೈಗುಣವೇ ಬದಲಾಗಿತ್ತು.

ಗಂಡನ ಅಕ್ಕನಿಗೆ ಫೋಟೋದಲ್ಲಿ ಎಲ್ಲವೂ ಮಿಂಚಬೇಕು. "ಕೆತ್ತಿ ತೆಗೆಸು. ಇಲ್ಲಾಂದ್ರೆ ಹೊಸದು ತರ್ಸೋಣ. ಇದನ್ನ ಜನರ ಮುಂದೆ ಇಡ್ಲಿಕ್ಕಾಗ್ತದಾ?" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಪಾಲಿಶ್ ಹಚ್ಚದ ಕಡೆಗೆ ಚೊಂಬಿನ ನೀರು ಸುರಿದೆ. ಕೆಸುವಿನ ಎಲೆಯ ಮೇಲಿನ ಹಾಗೆ ಮಣಿಮಣಿಯಾಗಿ ಉರುಳಿಹೋಯಿತು.

"ನಿಮ್ಮ ಪಾಲಿಶ್ ಒರೆಸಿಬಿಡಿ ಮೇಸ್ತ್ರಿ. ಇದು ಹೀಗೇ ಮದುವೆಗೆ ಬರ್ತದೆ" ಎಂದೆ. ಅತ್ತಿಗೆ ಮುಖ ಊದಿಸಿಕೊಂಡು ಒಳಗೆ ಹೋದರು.

ಮುಹೂರ್ತದ ದಿನ ಬಂದವರೆಲ್ಲ ಅಕ್ಕಪಕ್ಕದ ಮುಕ್ಕಾಲಿಗಳಲ್ಲಿ ಕೂತ ವಧೂವರರಿಗೆ ಅಕ್ಕಿ ಹಾಕಿ, ಕಿಂಡಿ ಎಂಬ ಮೂತಿಯ ಚೊಂಬಿನಿಂದ ಹಾಲು ಕುಡಿಸಿ ಹರಸಿದರು. ಕೈ ನಡುಗುವ ಅಜ್ಜಿಯೊಬ್ಬರು ಅರ್ಧ ಹಾಲನ್ನು ಮುಕ್ಕಾಲಿಗಳಿಗೇ ಕುಡಿಸಿದರು. ಅತ್ತಿಗೆ ನನ್ನ ತೋಳು ಹಿಡಿದುಕೊಂಡರು.

ಇಬ್ಬರೂ ಎದ್ದಾಗ ನೋಡಿದರೆ, ಅದೇ ಮೇಸ್ತ್ರಿ ಕನ್ನಡಿಯಂತೆ ಹೊಳೆಸಿದ್ದ ಮದುಮಗನ ಮುಕ್ಕಾಲಿಯ ಮೇಲೆ ಅಲ್ಲಲ್ಲಿ ಒರೆಸಿದರೂ ಹೋಗದ ಬಿಳಿ ಕಲೆ. ನಮ್ಮದನ್ನು ಬಟ್ಟೆಯಿಂದ ಒರೆಸಿದೆ. ಒಂದು ಚುಕ್ಕೆಯೂ ಇಲ್ಲ! ವಾಲಗದವರು ಅಲ್ಲೇ ಇದ್ದರು. ಗೆದ್ದೆ ಎಂದು ಕುಣಿದೇಬಿಡೋಣ ಅನ್ನಿಸಿತು.

ಮಗಳು ಅಷ್ಟು ಒಡವೆಯ ಭಾರದಲ್ಲೂ ಬಗ್ಗಿ ಅದರ ಮೇಲೆ ಕೈಯಾಡಿಸಿದಳು.

"ಅಮ್ಮಾ, ಇದನ್ನ ನನ್ನ ಜೊತೆ ಕಳಿಸ್ತೀಯಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಹೇಳಿದರು: "ಕಳಿಸ್ದೆ ಇರ್ತಾಳಾ? ಬಾ, ನಾನೇ ಕಾರಿಗೆ ಇಡಿಸ್ತೇನೆ."